'ಲೈಕ್' ಅನ್ನೋ ಕ್ರಿಯಾಪದದ ಮೂಲ ಏನು? ನನ್ನ ವಿದ್ಯಾರ್ಥಿ ಬರೆದದ್ದು ನಿಜಕ್ಕೂ ತಪ್ಪಾ?

ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವನು ನಾನು. ಮೊನ್ನೆ ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ "ನನಗೆ ಹಲಸಿನ ಹಣ್ಣು ಇಷ್ಟ" ಅನ್ನುವುದನ್ನು ಇಂಗ್ಲಿಷಿಗೆ ಮಾಡಿ ಅಂತ ಕೊಟ್ಟಿದ್ದೆ. ಒಬ್ಬ ಹುಡುಗ "ಜ್ಯಾಕ್‌ಫ್ರೂಟ್ ಲೈಕ್ಸ್ ಮಿ" ಅಂತ ಬರೆದಿದ್ದ. ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆ. ಸ್ಟಾಫ್ ರೂಮಿನಲ್ಲಿ ತೋರಿಸಿ ನಕ್ಕಿದ್ದೂ ಆಯಿತು. "ಹಲಸಿನ ಹಣ್ಣಿಗೆ ಇವನನ್ನು ಕಂಡರೆ ಪ್ರೀತಿಯಂತೆ!"

ಪೇಪರ್ ವಾಪಸ್ ಕೊಟ್ಟ ಮೇಲೆ ಹುಡುಗ ಮೇಜಿನ ಹತ್ತಿರ ಬಂದು ಕೇಳಿದ: "ಸಾರ್, ಜ್ಯಾಕ್‌ಫ್ರೂಟ್ ಪ್ಲೀಸಸ್ ಮಿ ಅಂತ ಬರೆದ್ರೆ ಸರಿ ಅಂತೀರ. ಲೈಕ್ಸ್ ಮಿ ಯಾಕೆ ತಪ್ಪು? ಎರಡೂ ಇಷ್ಟಾನೇ ಅಲ್ವಾ?"

"ರೂಲ್ ಹಾಗಿದೆ ಕಣೋ" ಅಂದು ಕಳಿಸಿದೆ. ಆದರೆ ಆ ಉತ್ತರ ನನಗೇ ರುಚಿಸಲಿಲ್ಲ. ಈ 'ಲೈಕ್' ಎಲ್ಲಿಂದ ಬಂತು, 'ಥರ', 'ಹಾಗೆ' ಅನ್ನುವ ಇನ್ನೊಂದು 'ಲೈಕ್'ಗೂ ಇದಕ್ಕೂ ಏನು ಸಂಬಂಧ, ತಿಳಿದವರು ಹೇಳಿ.

ಬೋಂಡಾ ಕೋಡರ್

ಮೇಷ್ಟ್ರೇ, ಹುಡುಗನಿಗೆ ಅರ್ಧ ಮಾರ್ಕಾದರೂ ಕೊಡಿ. ಹಲಸಿನ ಹಣ್ಣು ತಿಂದವನ ಕೈ, ಮೂತಿ ಎಲ್ಲ ಮೇಣ. ಅದು ಇವನನ್ನು ಬಿಡಲ್ಲ ಅಂದಮೇಲೆ ಯಾರಿಗೆ ಯಾರು ಇಷ್ಟ ಅಂತ ಯಾರು ಹೇಳಬೇಕು?

ಕಾಗುಣಿತ

ಮೇಷ್ಟ್ರೇ, ನಿಮ್ಮ ಹುಡುಗ ಹುಟ್ಟಿದ್ದು ನಾನೂರು ವರ್ಷ ತಡವಾಯಿತು, ಅಷ್ಟೇ. ಷೇಕ್ಸ್‌ಪಿಯರ್ ಕಾಲದಲ್ಲಿ ಅವನ ವಾಕ್ಯಕ್ಕೆ ಯಾರೂ ಕೆಂಪು ಗೆರೆ ಎಳೆಯುತ್ತಿರಲಿಲ್ಲ.

'ಹ್ಯಾಮ್ಲೆಟ್' ನಾಟಕದ ಕೊನೆಯ ಕತ್ತಿವರಸೆ ನೆನಪಿಸಿಕೊಳ್ಳಿ. ಕತ್ತಿಗಳನ್ನು ಎತ್ತಿ ನೋಡಿ ಹ್ಯಾಮ್ಲೆಟ್ ಒಂದನ್ನು ಆರಿಸಿಕೊಳ್ಳುವಾಗ ಹೇಳುವುದು "ದಿಸ್ ಲೈಕ್ಸ್ ಮಿ ವೆಲ್". ಇದು ನನಗೆ ಚೆನ್ನಾಗಿ ಹಿಡಿಸಿತು ಅಂತ. 'ಕಿಂಗ್ ಲಿಯರ್'ನಲ್ಲಿ ಕೆಂಟ್ ಒಬ್ಬನ ಮುಸುಡಿ ಕಂಡರಾಗದೆ "ಹಿಸ್ ಕೌಂಟೆನೆನ್ಸ್ ಲೈಕ್ಸ್ ಮಿ ನಾಟ್" ಅನ್ನುತ್ತಾನೆ. 1611ರ ಇಂಗ್ಲಿಷ್ ಬೈಬಲ್‌ನ ಎಸ್ತೇರಳ ಭಾಗದಲ್ಲಿ ಅರಸ "ಆ್ಯಸ್ ಇಟ್ ಲೈಕೆತ್ ಯೂ", ಅಂದರೆ ನಿಮಗೆ ಸರಿ ಕಂಡಂತೆ ಬರೆಯಿರಿ ಅಂತ ಅಪ್ಪಣೆ ಕೊಡುತ್ತಾನೆ. ಅವರಿಗಿಂತ ಇನ್ನೂರು ವರ್ಷ ಹಿಂದಿನ ಕವಿ ಚಾಸರ್‌ನಲ್ಲೂ "ಇಫ್ ಯೂ ಲೈಕೆತ್" ಅಂತ ಇದೇ ಧಾಟಿ.

ಮೂಲಕ್ಕೆ ಹೋದರೆ ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದ 'ಲೀಕಿಯನ್'. ಅರ್ಥ ಹಿಡಿಸು, ಹಿತವಾಗು. ಹಿಡಿಸಿದ ವಸ್ತು ವಾಕ್ಯದ ಕರ್ತೃ. ಯಾರಿಗೆ ಹಿಡಿಸಿತೋ ಅವರಿಗೆ ಚತುರ್ಥಿ ವಿಭಕ್ತಿ. ನಾವು "ನನಗೆ ಹಿಡಿಸಿತು" ಅನ್ನುತ್ತೇವಲ್ಲ, ಅದೇ ಅಚ್ಚು. ನಿಮ್ಮ ಹುಡುಗ ಕನ್ನಡವನ್ನು ಇದ್ದ ಹಾಗೇ ಇಂಗ್ಲಿಷಿಗೆ ತಂದ, ಅದು ಹೋಗಿ ಹಳೆಯ ಇಂಗ್ಲಿಷಿನ ಮೇಲೆ ಕೂತಿತು.

ಮಲೆನಾಡ ಮೇಷ್ಟ್ರು

ಅಯ್ಯೋ, ಸ್ಟಾಫ್ ರೂಮಿನಲ್ಲಿ ನಕ್ಕಿದ್ದು ಈಗ ಗಂಟಲಲ್ಲಿ ಸಿಕ್ಕಿಕೊಂಡಿತು. ಸರಿ, ಹಾಗಾದರೆ ತಿರುಗಿ ಬಿದ್ದದ್ದು ಯಾವಾಗ? "ಇಟ್ ಲೈಕ್ಸ್ ಮಿ" ಹೋಗಿ "ಐ ಲೈಕ್ ಇಟ್" ಬಂದದ್ದು ಹೇಗೆ? ಯಾರಾದರೂ ಕೂತು ಬದಲಾಯಿಸಿದರಾ?

ಕಾಗುಣಿತ

ಯಾರೂ ಬದಲಾಯಿಸಲಿಲ್ಲ. ಪ್ರತ್ಯಯ ಸವೆದುಹೋಯಿತು. ಡೆನ್ಮಾರ್ಕಿನ ವ್ಯಾಕರಣಕಾರ ಆಟೋ ಯೆಸ್ಪರ್ಸನ್ ಇದನ್ನು ವಿವರಿಸುವುದಕ್ಕೆ ತಾನೇ ಒಂದು ವಾಕ್ಯ ಕಟ್ಟಿದ್ದರು. ಭಾಷಾಶಾಸ್ತ್ರ ಓದಿದವರೆಲ್ಲ ಅದರ ಕೈಕೆಳಗೆ ದಾಟಿ ಬಂದವರೇ:

"ಥಾಮ್ ಕ್ಯುಂಗೆ ಲೀಕೊದೊನ್ ಪೆರಾನ್."

ಅರಸನಿಗೆ ಹಿಡಿಸಿದವು ಪೇರುಹಣ್ಣುಗಳು. 'ಲೀಕೊದೊನ್'ನ ಕೊನೆಯ 'ಒನ್' ಬಹುವಚನ. ಯಾಕೆಂದರೆ ಪೇರುಹಣ್ಣುಗಳು ಬಹುವಚನ. ನಮ್ಮ "ಹಿಡಿಸಿದವು"ವಿನ 'ವು' ಇದ್ದ ಹಾಗೆ. ಅರಸ ಒಬ್ಬನೇ, ಕ್ರಿಯಾಪದ ಅವನ ಮಾತು ಕೇಳುತ್ತಿಲ್ಲ.

ಮುಂದಿನ ಕೆಲವು ಶತಮಾನಗಳಲ್ಲಿ ಇಂಗ್ಲಿಷಿನ ವಿಭಕ್ತಿಗಳು ಒಂದೊಂದಾಗಿ ಉದುರಿದವು. 'ಥಾಮ್ ಕ್ಯುಂಗೆ' ಹೋಗಿ 'ದ ಕಿಂಗ್' ಆಯಿತು. ಈಗ ಅರಸ ಚತುರ್ಥಿಯೋ ಪ್ರಥಮೆಯೋ ನೋಡಿದರೆ ಗೊತ್ತಾಗುವುದಿಲ್ಲ. ಅದೇ ಹೊತ್ತಿಗೆ ಕ್ರಿಯಾಪದದ ಬಹುವಚನದ ಬಾಲವೂ ಉದುರಿ 'ಲೈಕ್ಡ್' ಉಳಿಯಿತು. "ದ ಕಿಂಗ್ ಲೈಕ್ಡ್ ಪೇರ್ಸ್." ಪದಗಳ ಸಾಲು ಒಂದಿಷ್ಟೂ ಅಲುಗಿಲ್ಲ ನೋಡಿ. ಅಜ್ಜ ಅದೇ ವಾಕ್ಯವನ್ನು "ಅರಸನಿಗೆ ಪೇರು ಹಿಡಿಸಿತು" ಅಂತ ಕೇಳಿಸಿಕೊಂಡ. ಮೊಮ್ಮಗ "ಅರಸ ಪೇರನ್ನು ಮೆಚ್ಚಿದ" ಅಂತ ಕೇಳಿಸಿಕೊಂಡ. ಮೊದಲಿಗೆ ಕೂತವನೇ ಕರ್ತೃ ಅನ್ನುವ ಅಭ್ಯಾಸ ಆಗಲೇ ಬೇರೂರಿತ್ತು. ಹಾಗಾಗಿ ಅರಸ ಕೂತಲ್ಲೇ ಕೂತು ಯಜಮಾನನಾದ. ಸರ್ವನಾಮದಲ್ಲಿ ಮಾತ್ರ 'ಮಿ', 'ಹಿಮ್' ಅಂತ ಗುರುತು ಉಳಿದಿತ್ತಲ್ಲ, ಕೊನೆಗೆ ಅದೂ ಸೋತು 'ಐ', 'ಹಿ' ಬಂತು.

'ಲೈಕ್' ಒಂದೇ ಹೀಗಾದದ್ದಲ್ಲ. ಹೇಸಿಕೆಯ 'ಲೋದ್' ಕೂಡ ಹಿಂದೆ "ನನಗೆ ಹೇಸಿಗೆಯಾಗುತ್ತದೆ" ಅನ್ನುವ ಅಚ್ಚಿನಲ್ಲಿತ್ತು, ತಿರುಗಿತು. 'ಮೀಥಿಂಕ್ಸ್' ಅನ್ನುವುದು "ನನಗೆ ತೋರುತ್ತದೆ"ಯ ಪಳೆಯುಳಿಕೆ. ಫ್ರೆಂಚಿನಿಂದ ಬಂದ 'ಪ್ಲೀಸ್' ಆ ಹಳೆಯ ಕೆಲಸವನ್ನು ವಹಿಸಿಕೊಂಡಿತು. ಅದಕ್ಕೇ ಇವತ್ತು "ಪ್ಲೀಸಸ್ ಮಿ" ಸರಿ, "ಲೈಕ್ಸ್ ಮಿ" ತಪ್ಪು. ತಮಾಷೆಯೆಂದರೆ 'ಪ್ಲೀಸ್' ಕೂಡ ಅರ್ಧ ತಿರುಗಿದೆ: "ಇಫ್ ಇಟ್ ಪ್ಲೀಸ್ ಯೂ" ಅನ್ನುತ್ತಿದ್ದವರು ಈಗ "ಇಫ್ ಯೂ ಪ್ಲೀಸ್" ಅನ್ನುತ್ತಾರೆ.

ಬೋಂಡಾ ಕೋಡರ್

ಒಂದು ನಿಮಿಷ. 'ಕ್ಯುಂಗೆ' ಅಂದರೆ 'ಅರಸನಿಗೆ'ಯಾ? ಕಿಂಗ್‌ಗೆ! ಅದೇ 'ಗೆ'! ಸ್ನೇಹಿತರೇ, ಇಂಗ್ಲಿಷ್ ಕನ್ನಡದಿಂದ ಹುಟ್ಟಿದ್ದು ಅಂತ ಸಾಬೀತಾಯಿತು. ವಾಟ್ಸಾಪಿಗೆ ಹೊರಟೆ.

ಕಾಗುಣಿತ

ದಯವಿಟ್ಟು ಹೋಗಬೇಡಿ! ಆ 'ಗ' ಅರಸನದೇ, ಪದದ ಒಳಗಿನದು. ಪ್ರತ್ಯಯ ಬರೀ 'ಎ'. ಶುದ್ಧ ಕಾಕತಾಳೀಯ. ನಾಳೆ ಬೆಳಿಗ್ಗೆ ನನ್ನ ಮಾವನವರ ಗುಂಪಿನಿಂದ ಇದು ನನಗೇ ಫಾರ್ವರ್ಡ್ ಆಗಿ ಬಂದರೆ ಸುಮ್ಮನಿರಲ್ಲ.

ಧಾರವಾಡದಾಕಿ

ಪೇರುಹಣ್ಣು ಅಂದಕೂಡ್ಲೆ ನನಗ ಪ್ಯಾರಲಹಣ್ಣೇ ಕಣ್ಣಮುಂದ ಬಂತು ನೋಡ್ರಿ. ಇಂಗ್ಲಂಡಿನ ರಾಜಾ ಉಪ್ಪು-ಖಾರ ಹಚ್ಚಿಕೊಂಡು ಪ್ಯಾರಲಹಣ್ಣು ತಿನ್ನಾಕತ್ತಾನ ಅಂತ ಅನಕೊಂಡು ಒಬ್ಬಾಕಿನ ನಕ್ಕೆ.

ಅದಿರಲಿ. ನಮ್ಮ ಕಡೆ 'ಇಷ್ಟ' ಅನ್ನೂದು ಪುಸ್ತಕದ ಮಾತು. ಮನ್ಯಾಗ ನಾವು "ಸೇರತದ" ಅಂತೀವಿ. "ನಮ್ಮ ಹುಡುಗಗ ಬದನಿಕಾಯಿ ಸೇರಂಗಿಲ್ಲ." "ಅಕಿಗ ಆ ಮಂದಿ ಸೇರಲಿಲ್ಲ." ಇಲ್ಲೂ ಸೇರೂದು ಬದನಿಕಾಯಿನ, ನಾವಲ್ಲ. ನಾವು ಸುಮ್ನ ಕುಂತಿರತೀವಿ, ಅದು ಬಂದು ಸೇರಬೇಕು, ಇಲ್ಲಾ ಬಿಡಬೇಕು. ಬರೇ ತಿನ್ನೂದಕ್ಕ ಅಷ್ಟ ಅಲ್ಲ ಮತ್ತ, ಊರು, ಕೆಲಸ, ಮನಷ್ಯಾರು, ಎಲ್ಲಾದಕ್ಕೂ ನಡೀತದ.

ಕಾಗುಣಿತ

ಅಕ್ಕಾ, ಇದು ಚಿನ್ನದಂಥ ಉದಾಹರಣೆ. ಸೇರುವುದು ಅಂದರೆ ಕೂಡಿಕೊಳ್ಳುವುದು, ಹೊಂದುವುದು. ಹೊಂದಿದ್ದು ಹಿಡಿಸುತ್ತದೆ. 'ಲೈಕ್' ನಡೆದು ಬಂದ ದಾರಿಯೂ ಇದೇ. ಅದಕ್ಕೆ ಈಗ ಮೇಷ್ಟ್ರ ಎರಡನೇ ಪ್ರಶ್ನೆಗೆ ಬರಬೇಕು, ಆ ಇನ್ನೊಂದು 'ಲೈಕ್'.

ಕಾಲುವೆ ದಂಡೆ

ಅದಕ್ಕೆ ಮುಂಚೆ ನನ್ನದೊಂದು. ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ, ಊರು ಹಾಸನದ ಕಡೆ. ಡಚ್ ಕಲಿಯಲು ಶುರು ಮಾಡಿದಾಗ 'ಲೈಕನ್' ಅನ್ನುವ ಕ್ರಿಯಾಪದ ಸಿಕ್ಕಿತು. ಆಹಾ, ಇದು ಗೊತ್ತಿರುವುದೇ ಅಂದುಕೊಂಡೆ. ನೋಡಿದರೆ ಅದರ ಅರ್ಥ 'ತೋರು, ಹೋಲು'. "ಹೆಟ್ ಲೈಕ್ಟ್ ಮೆ ಖೂತ್" ಅಂದರೆ ನನಗೆ ಸರಿ ಅಂತ ಕಾಣುತ್ತೆ. ನೋಡಿ, ಅಲ್ಲೂ 'ನನಗೆ'. ಆಮೇಲೆ ಬರೀ 'ಲೈಕ್' ಅನ್ನುವ ನಾಮಪದ ಹುಡುಕಿದೆ. ಹೆಣ! 'ಲೈಕ್‌ವಾಖನ್' ಅಂದರೆ ಹೆಣದ ಗಾಡಿ. ಇಷ್ಟಕ್ಕೂ ಹೆಣಕ್ಕೂ ಏನಪ್ಪಾ ಸಂಬಂಧ ಅಂತ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿತ್ತು.

ಕಾಗುಣಿತ

ಸಂಬಂಧ ರಕ್ತಸಂಬಂಧವೇ! ಜರ್ಮನಿಕ್ ಭಾಷೆಗಳ ಹಳೆಯ ಬೇರು 'ಲೀಕ', ಅಂದರೆ ಮೈ, ಆಕಾರ. ಆ ಒಂದು ಬೇರಿನಿಂದ ಮೂರು ಕವಲು.

ಮೈ ಅಂದದ್ದು ಉಸಿರಿಲ್ಲದ ಮೈಗೆ ಇಳಿಯಿತು: ಡಚ್ಚಿನ ಲೈಕ್, ಜರ್ಮನಿನ ಲೈಖ, ಸ್ವೀಡನ್ನಿನ ಲೀಕ್ ಎಲ್ಲವೂ ಹೆಣ. ಇಂಗ್ಲಿಷಿನಲ್ಲೂ ಇತ್ತು, ಆದರೆ ಬಹುತೇಕ ಕಳೆದುಹೋಗಿ 'ಲಿಚ್ ಗೇಟ್' ಒಂದರಲ್ಲಿ ಸಿಕ್ಕಿಕೊಂಡು ಉಳಿದಿದೆ. ಹಳೆಯ ಇಂಗ್ಲಿಷ್ ಚರ್ಚುಗಳ ಅಂಗಳದ ಬಾಗಿಲಲ್ಲಿ ಹೆಂಚಿನ ಮಾಡಿನ ಒಂದು ಕಮಾನು ಇರುತ್ತದೆ; ಪಾದ್ರಿ ಬರುವವರೆಗೆ ಹೆಣವನ್ನು ಅದರ ಕೆಳಗೆ ಇಳಿಸಿ ಕಾಯುತ್ತಿದ್ದರು.

ಎರಡನೆಯದು, ಒಂದೇ ಮೈಕಟ್ಟು ಇರುವುದು, ಅಂದರೆ 'ಹಾಗೆ, ಥರ'. ಮೇಷ್ಟ್ರು ಕೇಳಿದ ಇನ್ನೊಂದು ಲೈಕ್ ಇದೇ. ಹಳೆಯ ರೂಪ 'ಗೆಲೀಕ್', ಜರ್ಮನಿನ 'ಗ್ಲೈಖ್' ಅದರ ಸೋದರ. ಇನ್ನೂ ಒಳಗೆ ಹೊಕ್ಕರೆ ಇಂಗ್ಲಿಷಿನ 'ಫ್ರೆಂಡ್ಲಿ', 'ಡೈಲಿ' ಮುಂತಾದವುಗಳ ಬಾಲದ 'ಲಿ' ಕೂಡ ಇದೇ 'ಮೈ'. ಫ್ರೆಂಡ್ಲಿ ಅಂದರೆ ಗೆಳೆಯನ ಮೈಯವನು! 'ಸಚ್', 'ವಿಚ್', 'ಈಚ್' ಮೂರರ ಕೊನೆಯ 'ಚ್' ಕೂಡ ಸವೆದ ಲೀಕ್. ನಾವು 'ಅಂಥ', 'ಎಂಥ' ಅನ್ನುವ ಜಾಗದಲ್ಲಿ ಅವರು 'ಆ ಮೈಯ', 'ಯಾವ ಮೈಯ' ಅನ್ನುತ್ತಿದ್ದರು.

ಮೂರನೆಯದು ನಮ್ಮ ಕ್ರಿಯಾಪದ. ಆಕಾರಕ್ಕೆ ಆಕಾರ ಹೊಂದಿದ್ದು ತಕ್ಕದ್ದು, ತಕ್ಕದ್ದು ಹಿತ, ಹಿತವಾದದ್ದು ಹಿಡಿಸುತ್ತದೆ. ಇದು ವಿಚಿತ್ರ ಅನ್ನಿಸಿದರೆ ವಧೂವರರ ಜಾಹೀರಾತು ಓದಿ. "ಅನುರೂಪ ವರ ಬೇಕಾಗಿದ್ದಾನೆ." ಅಲ್ಲಿ ರೂಪದ ಮಾತು ಯಾರಾಡುತ್ತಿದ್ದಾರೆ? ಹೊಂದುವವನು, ಒಪ್ಪಿಗೆಯಾಗುವವನು ಬೇಕು ಅಂತಷ್ಟೇ.

ಬೋಂಡಾ ಕೋಡರ್

ಹಾಗಾದರೆ ನಾನು ರಾತ್ರಿಯೆಲ್ಲ ಹೊಡೆದು ಸಾಯಿಸುವ ಗೇಮಿನ 'ಲಿಚ್', ಸತ್ತ ಮೇಲೂ ಎದ್ದು ಬರುವ ಮಂತ್ರವಾದಿ, ಅದೂ ಇದೇ ಹೆಣವಾ? ಇಂಗ್ಲೆಂಡಿನಲ್ಲಿ ಲಿಚ್‌ಫೀಲ್ಡ್ ಅಂತ ಊರೇ ಇದೆಯಲ್ಲ, ಅದು ಹೆಣದ ಹೊಲವಾ?

ಕಾಗುಣಿತ

ಗೇಮಿನದು ಹೌದು. ಊರಿನದು ಅಲ್ಲ, ಆದರೆ ಅಲ್ಲಿನವರೇ ಬಹಳ ಕಾಲ ಹಾಗೆ ನಂಬಿದ್ದರು. ಹುತಾತ್ಮರನ್ನು ಕಡಿದು ಹಾಕಿದ ಬಯಲು ಅಂತ ಕತೆಯೂ ಇದೆ. ನಿಜದಲ್ಲಿ ರೋಮನ್ನರ ಕಾಲದ 'ಲೆಟೊಕೇಟುಂ' ಅನ್ನುವ ಹೆಸರು, ಕೆಲ್ಟಿಕ್ ಭಾಷೆಯಲ್ಲಿ 'ಬೂದು ಕಾಡು', ಅದು ಸವೆದು ಹೀಗಾಗಿದೆ. ಕೇಳಿದರೆ ಸರಿ ಅನ್ನಿಸುವ ವ್ಯುತ್ಪತ್ತಿಯನ್ನೇ ಮೊದಲು ಅನುಮಾನಿಸಬೇಕು.

ಕುಂದಾಪ್ರದ್ ಮಾಣಿ

ಹಂಗಾರೆ ನಮ್ದೊಂದ್ ಕೇಣಿ ಮಾರಾಯ್ರೆ. ನಮ್ ಬದಿಯಗೆ "ಊಟ ಲಾಯ್ಕಿತ್ತ್", "ಆಟ ಲಾಯ್ಕ್ ಆಯ್ತ್" ಅಂದೇ ಹೇಳುದ್. ಯಕ್ಷಗಾನ ಕಂಡ್ಕಂಡ್ ಬಂದ್ ಅಜ್ಜಿಯೂ ಲಾಯ್ಕೇ ಅಂತ್ರ್, ಇಂಗ್ಲಿಷಿನ ಒಂದಕ್ಷರ ಬತ್ತಿಲ್ಲೆ ಅವ್ರಿಗೆ. ಬ್ರಿಟಿಷರ ಕಾಲದಗೆ ಬಂದ ಲೈಕ್ ಅಂದೇ ನಾ ಇಷ್ಟ್ ದಿನ ಗ್ರಹಿಸಿದ್ದೆ. ಹೌದಾ ಅಲ್ದಾ?

ಕಾಗುಣಿತ

ಈಗಷ್ಟೇ ಹೇಳಿದ್ದಕ್ಕೆ ಇಷ್ಟು ಬೇಗ ಸಾಕ್ಷಿ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಲ್ಲ ಮಾಣಿ, ನಿಮ್ಮ ಲಾಯ್ಕ್ ಬಂದ ಹಡಗೇ ಬೇರೆ. ಅದು ಅರಬ್ಬಿಯ 'ಲಾಯಿಕ್', ಅಂದರೆ ತಕ್ಕದ್ದು, ಯೋಗ್ಯ. ಪಾರ್ಸಿ, ಹಿಂದೂಸ್ತಾನಿ ದಾಟಿ ಬಂತು. "ಅವನು ಆ ಕೆಲಸಕ್ಕೆ ಲಾಯಕ್ಕು" ಅನ್ನುತ್ತೇವಲ್ಲ, ಅದೇ. 'ನಾಲಾಯಕ್' ಅಂತ ಬೈಯುವುದೂ ಅದೇ. ಹವ್ಯಕರ 'ಲಾಯಿಕ'ವೂ ಇದೇ, ತುಳುವಿನಲ್ಲೂ ಇದೆ. ಉಚ್ಚಾರ ಇಷ್ಟು ಹತ್ತಿರ, ಅರ್ಥವೂ 'ತಕ್ಕದ್ದು'ವಿನಿಂದ 'ಚೆನ್ನಾಗಿದೆ'ಗೇ ಬಂದಿದೆ, ಆದರೂ ಎರಡಕ್ಕೂ ನೆಂಟಸ್ತನ ಇಲ್ಲ.

ಕುಂದಾಪ್ರದ್ ಮಾಣಿ

ಅಯ್ಯಬ್ಬ! ಅಜ್ಜಿ ಅರಬ್ಬಿ ಮಾತಾಡುದ್ ಅಂದ್ ಈಗ ಮನ್ಯಗೆ ಹೇಳ್ರೆ ನನ್ನನ್ನೇ ನಾಲಾಯಕ್ ಅಂತ್ರ್.

ಒಪ್ಪ ಓರಣ

ತಡವಾಗಿ ಬಂದೆ. ಎಲ್ಲರೂ ಇಷ್ಟ, ಸೇರು, ಲಾಯ್ಕ್ ಅಂತ ಹೇಳುತ್ತಿದ್ದೀರಿ, ನನ್ನ ಹೆಸರಿನಲ್ಲೇ ಇರುವ ಪದವನ್ನು ಯಾರೂ ಮುಟ್ಟಿಲ್ಲವಲ್ಲ!

'ಒಪ್ಪು'. ಹಳಗನ್ನಡದಲ್ಲಿ ಇದರ ಮುಖ್ಯ ಅರ್ಥ ಚೆಲುವಾಗಿ ಕಾಣು, ಶೋಭಿಸು. ಕಾವ್ಯಗಳಲ್ಲಿ ಕೊಳ ಒಪ್ಪುತ್ತದೆ, ಕಿರೀಟ ಒಪ್ಪುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಮನೆಯಲ್ಲಿದ್ದರೆ ತೆಗೆದು ನೋಡಿ, ಚೆಲುವು, ತಕ್ಕದ್ದಾಗುವುದು, ಸಮ್ಮತಿ ಎಲ್ಲ ಒಂದೇ ಪದದ ಕೆಳಗೆ ಕೂತಿವೆ. 'ಒಪ್ಪ' ಅಂದರೆ ಹೊಳಪು. ಚಿನ್ನಕ್ಕೆ ಒಪ್ಪ ಇಡುತ್ತಾರೆ.

ಈಗ ಮೆಟ್ಟಿಲು ಎಣಿಸಿ. "ಈ ಸೀರೆ ನಿನಗೆ ಒಪ್ಪುತ್ತೆ": ಸೀರೆ ಕರ್ತೃ, ನೀನು ಚತುರ್ಥಿ. "ಅವನ ಮಾತು ನನ್ನ ಮನಸ್ಸಿಗೆ ಒಪ್ಪಲಿಲ್ಲ": ಮಾತು ಕರ್ತೃ, ಮನಸ್ಸಿಗೆ ಚತುರ್ಥಿ. "ಹುಡುಗಿ ಒಪ್ಪಿಗೆ ಆದಳಾ?" ಅಂತ ಹೆಣ್ಣು ನೋಡಿ ಬಂದವರನ್ನು ಕೇಳುತ್ತಾರೆ. ಆಮೇಲೆ ಕೊನೆಯ ಮೆಟ್ಟಿಲು: "ನಾನು ಒಪ್ಪುತ್ತೇನೆ", "ಅವರು ಷರತ್ತು ಒಪ್ಪಿದರು". ವ್ಯಕ್ತಿ ಬಂದು ಕರ್ತೃವಿನ ಗಾದಿಯಲ್ಲಿ ಕೂತುಬಿಟ್ಟ! ಆಕಾರ, ಹೊಂದಿಕೆ, ಹಿತ, ಸಮ್ಮತಿ. ಇಂಗ್ಲಿಷಿನ ಲೈಕ್ ನಡೆದ ದಾರಿಯಲ್ಲೇ ನಮ್ಮ ಒಪ್ಪು ನಡೆದಿದೆ. ಒಂದೇ ವ್ಯತ್ಯಾಸ, ನಮ್ಮಲ್ಲಿ ಯಾವ ಮೆಟ್ಟಿಲೂ ಮುರಿದುಬಿದ್ದಿಲ್ಲ. ನಾಲ್ಕೂ ಇವತ್ತಿಗೂ ಬಳಕೆಯಲ್ಲಿವೆ.

ಕಾಗುಣಿತ

ಇದು ನನಗೆ ಹೊಳೆದಿರಲೇ ಇಲ್ಲ. ಇಷ್ಟು ಹೊತ್ತು ಇಲ್ಲಿ ಬರೆದದ್ದಕ್ಕೆ ಸಿಕ್ಕ ಕೂಲಿ ಇದು.

ಕಾಲುವೆ ದಂಡೆ

ಒಂದು ತಕರಾರು. "ನನಗೆ ಇಷ್ಟ"ದಲ್ಲಿ ಇಷ್ಟವಾದ ವಸ್ತುವೇ ಕರ್ತೃ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿರಿ. ಕ್ರಿಯಾಪದವನ್ನು ನೋಡಿದರೆ ಹೌದು, "ನನಗೆ ಅವಳು ಹಿಡಿಸಿದಳು", 'ಳು' ಅವಳದ್ದು. ಆದರೆ ಈ ವಾಕ್ಯ ನೋಡಿ: "ಸೀತೆಗೆ ತನ್ನ ಮನೆ ಇಷ್ಟ." ತನ್ನ ಅಂದರೆ ಯಾರ? ಸೀತೆಯದು. 'ತನ್ನ' ಸಾಮಾನ್ಯವಾಗಿ ಕರ್ತೃವಿನ ಕಡೆ ಬೆರಳು ತೋರಿಸುವ ಪದ. ಇನ್ನೊಂದು: "ಊರು ನೋಡಿ ಅವನಿಗೆ ಇಷ್ಟವಾಯಿತು." ನೋಡಿದ್ದು ಯಾರು? ಅವನೇ, ಊರಲ್ಲ. ಹಾಗಾದರೆ ಈ 'ಗೆ' ಹಾಕಿಕೊಂಡವನೇ ಅರ್ಧ ಕರ್ತೃ ಅಲ್ಲವೇ?

ಒಪ್ಪ ಓರಣ

ನಿಮ್ಮ ತಕರಾರು ನ್ಯಾಯವಾಗಿದೆ. ಭಾಷಾಶಾಸ್ತ್ರದವರು ಇದಕ್ಕೆ 'ಚತುರ್ಥಿ ಕರ್ತೃ' ಅಂತಲೇ ಹೆಸರಿಟ್ಟು ವರ್ಷಗಟ್ಟಲೆ ಜಗಳ ಆಡಿದ್ದಾರೆ. ತಮಿಳಿನ 'ಎನಕ್ಕು ಪಿಡಿಕ್ಕುಂ', ತೆಲುಗಿನ 'ನಾಕು ನಚ್ಚಿಂದಿ', ಹಿಂದಿಯ 'ಮುಝೆ ಪಸಂದ್ ಹೈ', ನಮ್ಮ ದೇಶದ ತುಂಬ ಇದೇ ರಾಗ. ಹಸಿವು, ನಿದ್ದೆ, ಚಳಿ, ಸಿಟ್ಟು, ಬೇಕು, ಗೊತ್ತು, ಎಲ್ಲವೂ 'ನನಗೆ'. ಮನೆ ಒಬ್ಬರ ಹೆಸರಲ್ಲಿದೆ, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿದೆ. ಯಾರು ಯಜಮಾನರು ಅಂದರೆ ಏನು ಹೇಳುವುದು?

ಕಾಗುಣಿತ

ಕಾಲುವೆ ದಂಡೆಯವರ ಮಾತಿನಲ್ಲೇ ಇಂಗ್ಲಿಷಿನ ಗುಟ್ಟೂ ಇದೆ. ಆ ಅರಸ ವಿಭಕ್ತಿ ಉದುರುವುದಕ್ಕೆ ಮೊದಲೇ ಅರ್ಧ ಕರ್ತೃವಾಗಿದ್ದ. ವಾಕ್ಯದ ಮೊದಲಿಗೆ ಕೂತಿದ್ದ, ಮನುಷ್ಯನೂ ಆಗಿದ್ದ. ವಿಭಕ್ತಿ ಹೋದದ್ದೇ ತಡ, ಪೂರ್ತಿಯಾದ. ನಮ್ಮಲ್ಲಿ 'ಗೆ' ಗಟ್ಟಿಪಿಂಡ. 'ನನಗೆ' ಸವೆದು 'ನಂಗೆ', 'ನಂಗ್' ಆದರೂ 'ಗ' ಬಿಟ್ಟುಕೊಡಲ್ಲ. ವಿಭಕ್ತಿ ಬಿಡದ ಐಸ್‌ಲ್ಯಾಂಡಿನವರು ಇವತ್ತಿಗೂ 'ಮ್ಯೇರ್ ಲೀಕರ್', ನನಗೆ ಲೈಕುತ್ತದೆ, ಅಂತಲೇ ಅನ್ನುತ್ತಾರೆ, ಅದೇ ಹಳೆಯ ಪದದಲ್ಲಿ.

ಬೋಂಡಾ ಕೋಡರ್

ಇಷ್ಟೆಲ್ಲ ಆಯಿತು, ಬಟನ್ ವಿಷಯ ಯಾರೂ ಎತ್ತಲಿಲ್ಲವಲ್ಲ. ಹೊಟ್ಟೆಪಾಡಿಗೆ ನಾನು ಅಂಥ ಬಟನ್‌ಗಳನ್ನೇ ಬರೆಯುವವನು.

ಫೇಸ್‌ಬುಕ್ಕಿನಲ್ಲಿ ಲೈಕ್ ಬಟನ್ ಬಂದದ್ದು 2009ರ ಫೆಬ್ರುವರಿ 9ಕ್ಕೆ. ಒಳಗೆ ಮೊದಲು ಅದನ್ನು 'ಆಸಮ್' ಬಟನ್ ಅಂತ ಕರೆಯುತ್ತಿದ್ದರು. ಫ್ರೆಂಡ್‌ಫೀಡ್ ಅನ್ನುವ ತಾಣದಲ್ಲಿ 2007ರಲ್ಲೇ 'ಲೈಕ್' ಇತ್ತು. ಆ ಕಂಪನಿಯನ್ನು 2009ರಲ್ಲೇ ಫೇಸ್‌ಬುಕ್ ಕೊಂಡುಕೊಂಡಿತು. ಟ್ವಿಟರ್ 2015ರಲ್ಲಿ ನಕ್ಷತ್ರ ತೆಗೆದು ಹೃದಯ ಹಾಕಿ ಅದನ್ನೂ 'ಲೈಕ್' ಅಂತು. ನನಗೆ ಕುತೂಹಲ ಹುಟ್ಟಿಸಿದ್ದು ಅನುವಾದ. ಇಟಲಿಯವರಿಗೆ 'ಮಿ ಪಿಯಾಚೆ', ಸ್ಪೇನಿನವರಿಗೆ 'ಮೆ ಗುಸ್ತಾ', ಜರ್ಮನರಿಗೆ 'ಗೆಫೆಲ್ಟ್ ಮಿರ್'. ಮೂರೂ 'ನನಗೆ ಹಿಡಿಸಿತು'. ಇಂಗ್ಲಿಷ್ ಬಿಟ್ಟುಕೊಟ್ಟ ಅಚ್ಚು ಅದೇ ಬಟನ್ ಮೇಲೆ ಬೇರೆ ಭಾಷೆಗಳ ಬಾಗಿಲಿನಿಂದ ಒಳಗೆ ಬಂದಿದೆ. ಫ್ರೆಂಚರು ಮಾತ್ರ 'ಜೆಮ್', ನಾನು ಪ್ರೀತಿಸುತ್ತೇನೆ ಅಂದರು. ಅವರು ಯಾವಾಗಲೂ ಹಾಗೇ.

ಧಾರವಾಡದಾಕಿ

ಕನ್ನಡದಾಗ ನಾವು ಇದಕ್ಕೂ ಒಂದು ಹಾದಿ ಮಾಡಿಕೊಂಡೇವಿ, ಗಮನಿಸೀರೇನು? "ಲೈಕ್ ಆತು" ಬ್ಯಾರೆ, "ಲೈಕ್ ಮಾಡಿದೆ" ಬ್ಯಾರೆ. ನಮ್ಮ ನಾದಿನಿ ಫೋಟೋ ಹಾಕಿದ್ಲು. ಲೈಕ್ ಮಾಡಿದೆ. ಲೈಕ್ ಆಗಿತ್ತೇನು? ಇಲ್ರೀ. ಮಾಡದಿದ್ರ ಸಂಜಿಕ್ಕ ಫೋನ್ ಬರತಿತ್ತು.

ಆಗೂದು ಮನಸಿನ ಕೆಲಸ, ಮಾಡೂದು ಬಟ್ಟಿನ ಕೆಲಸ. ಇಂಗ್ಲಿಷಿನ್ಯಾಗ ಎರಡಕ್ಕೂ 'ಐ ಲೈಕ್ಡ್' ಅನಬೇಕು, ಪಾಪ.

ಕಾಲುವೆ ದಂಡೆ

ಅಕ್ಕಾ, ಈ ಸಾಲನ್ನು ನಮ್ಮ ಡಚ್ ಗುರುಗಳಿಗೆ ಅನುವಾದಿಸಿ ಹೇಳಿದೆ. ಹತ್ತು ನಿಮಿಷ ಹಿಡಿಯಿತು. ಕೊನೆಗೆ ಕೇಳಿದರು: "ಹಾಗಾದರೆ ಆಗದೆಯೂ ಮಾಡಬಹುದಾ?" ದಿನವೂ ಮಾಡುತ್ತೇವೆ ಅಂದೆ.

ಒಪ್ಪ ಓರಣ

'ಮೆಚ್ಚು' ಕೂಡ ಮಾಡುವ ಕಡೆಯ ಪದ. "ನಾನು ಮೆಚ್ಚಿದೆ" ಅಂತೇವೆ, 'ನನಗೆ' ಬರಲ್ಲ. ಅದಕ್ಕೊಂದು ಎತ್ತರ ಇದೆ. ಮೇಲಿನವರು ಕೆಳಗಿನವರ ಕೆಲಸ ನೋಡಿ ಮೆಚ್ಚುವುದು. ಬಯಲಾಟದಲ್ಲಿ ಶಿವ ಪ್ರತ್ಯಕ್ಷನಾಗಿ "ಮೆಚ್ಚಿದೆ ಭಕ್ತಾ" ಅಂದಮೇಲೆ ವರ ಬರಲೇಬೇಕು, ಬರೀ ಮೆಚ್ಚಿ ಹೋಗುವ ಹಾಗಿಲ್ಲ. ಹಳಗನ್ನಡದಲ್ಲಿ ಮೆಚ್ಚು ಅಂದರೆ ಮೆಚ್ಚಿ ಕೊಟ್ಟ ಉಡುಗೊರೆಯೂ ಹೌದು. ಬಟನ್ ಒತ್ತಿ ಕೈ ತೊಳೆದುಕೊಳ್ಳುವವರಿಗೆ ಈ ಪದ ದುಬಾರಿ.

ಇನ್ನು ಅನುವಾದದ ಕನ್ನಡದಲ್ಲಿ "ನಾನು ಕಾಫಿಯನ್ನು ಇಷ್ಟಪಡುತ್ತೇನೆ" ಅಂತ ಓದಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ. ಕಾಫಿ ಇಷ್ಟ ಅಂದರೆ ಮುಗಿಯಿತು.

ಕಾಗುಣಿತ

ಹಲ್ಲು ಜುಮ್ಮೆನ್ನಲಿ, ಆದರೆ ಪದವನ್ನೇ ಬಯ್ಯಬೇಡಿ. "ಇಷ್ಟಪಟ್ಟು ಮದುವೆಯಾದ" ಅನ್ನುವಾಗ ಅವನೇ ಮನಸ್ಸು ಮಾಡಿ ಆರಿಸಿಕೊಂಡ ಅನ್ನುವ ತೂಕ ಇದೆ; "ಇಷ್ಟವಾಗಿ ಮದುವೆಯಾದ" ಅಂದರೆ ಆ ತೂಕ ಬರಲ್ಲ. ಕಾಫಿಗೆ ಅಷ್ಟು ಸಂಕಲ್ಪ ಬೇಡ, ಅದನ್ನು ಒಪ್ಪುತ್ತೇನೆ.

ಬೋಂಡಾ ಕೋಡರ್

ಇನ್ನೊಂದು ಹೇಳಿ ಹೋಗುತ್ತೇನೆ. ನಿಧನ ವಾರ್ತೆಗೆ ಜನ ಲೈಕ್ ಒತ್ತುತ್ತಾರೆ ಅಂತ ಎಲ್ಲರೂ ಬೈಯುತ್ತಿದ್ದರಲ್ಲ? 2016ರ ಫೆಬ್ರುವರಿಯಲ್ಲಿ ಫೇಸ್‌ಬುಕ್ಕಿಗೆ ಅಳುಮೋರೆ, ಸಿಟ್ಟಿನ ಮೋರೆ ಎಲ್ಲ ಬಂದದ್ದರ ಹಿಂದೆ ಆ ಇಕ್ಕಟ್ಟೂ ಇತ್ತು. ಕಾಲುವೆ ದಂಡೆಯವರ ಹೆಣದ ಗಾಡಿ ಓದಿದ ಮೇಲೆ ಅನ್ನಿಸಿತು, ಲೈಕ್ ತನ್ನ ತವರಿಗೇ ಹೋಗಿತ್ತು, ನಾವು ಸುಮ್ಮನೆ ಬೈದೆವು.

ಅಂದಹಾಗೆ 'ಡಿಸ್‌ಲೈಕ್' ಹಳೆಯದಾ? ಯೂಟ್ಯೂಬಿನವರು 2021ರಲ್ಲಿ ಅದರ ಎಣಿಕೆ ಮುಚ್ಚಿಟ್ಟ ಮೇಲೆ ಆ ಪದಕ್ಕೇ ಬೆಲೆ ಇಲ್ಲ.

ಕಾಗುಣಿತ

ಹದಿನಾರನೇ ಶತಮಾನದ್ದು. ತಲೆ ಲ್ಯಾಟಿನ್, ಮುಂಡ ಇಂಗ್ಲಿಷ್. ಅದಕ್ಕೂ ಮೊದಲು ಅಚ್ಚ ಇಂಗ್ಲಿಷಿನ 'ಮಿಸ್‌ಲೈಕ್' ಇತ್ತು, ಅದನ್ನು ಇದು ಬದಿಗೆ ತಳ್ಳಿತು.

ಮಲೆನಾಡ ಮೇಷ್ಟ್ರು

ಎರಡು ದಿನ ಸುಮ್ಮನಿದ್ದೆ, ಎಲ್ಲ ಓದುತ್ತಿದ್ದೆ. ಇವತ್ತು ಹುಡುಗನನ್ನು ಕರೆದು ಕರಿಹಲಗೆಯ ಮೇಲೆ ಅರಸನನ್ನೂ ಪೇರುಹಣ್ಣನ್ನೂ ಬರೆದು ತೋರಿಸಿದೆ. 'ಕ್ಯುಂಗೆ' ಬಂದಾಗ ಇಡೀ ತರಗತಿ ಕೂಗಿತು, "ಸಾರ್, ಗೆ! ಗೆ!" ಕಾಕತಾಳೀಯ ಅಂತ ವಿವರಿಸುವಷ್ಟರಲ್ಲಿ ಬೆಲ್ ಆಯಿತು. ಕಾಗುಣಿತದವರು ಕ್ಷಮಿಸಬೇಕು, ಇದು ನ್ಯಾಷನಲ್ ಲೆವೆಲ್ಲಿಗೆ ಹೋಗುವ ಮುಂಚೆ ನಾಳೆ ತಿದ್ದುತ್ತೇನೆ.

ಸೊನ್ನೆಯನ್ನು ಅಳಿಸಲಿಲ್ಲ, ಪರೀಕ್ಷೆ ಪರೀಕ್ಷೆಯೇ. ಪಕ್ಕದಲ್ಲಿ "ಷೇಕ್ಸ್‌ಪಿಯರ್ ಆಗಿದ್ದರೆ 1 ಅಂಕ ಕೊಡುತ್ತಿದ್ದರು" ಅಂತ ಬರೆದು ಸಹಿ ಹಾಕಿಕೊಟ್ಟೆ. ಅವನು ಅದನ್ನು ಎರಡು ಸಲ ಓದಿ, "ಸಾರ್, ಎಸ್ಸೆಸ್ಸೆಲ್ಸಿ ಪೇಪರ್ ಯಾರು ತಿದ್ದೋದು?" ಅಂದ. "ಅವರಲ್ಲ" ಅಂದೆ. "ಹಂಗಾದ್ರೆ ಐ ಲೈಕ್ ಅಂತ್ಲೇ ಬರೀತೀನಿ ಬಿಡಿ" ಅಂತ ಹೋದ. ಸಂಜೆ ಅವರ ಮನೆಯಿಂದ ಒಂದು ಚಕ್ಕೆ ಹಲಸಿನ ಹಣ್ಣು ಬಂತು.

ಕುಂದಾಪ್ರದ್ ಮಾಣಿ

ಹಣ್ಣ್ ಲಾಯ್ಕಿತ್ತಾ ಮೇಷ್ಟ್ರೇ? ಬಕ್ಕೆಯಾ, ಬಿಳುವನಾ?